ಮಾಚು ಪಿಚುವಿನಲ್ಲಿ ಮಳೆನೀರು ಎಲ್ಲಿಗೆ ಹೋಗುತ್ತದೆ?

ಬರೆಯಂಚಿನ ಮನೆ | ಸೋಮವಾರ, ಬೆಳಿಗ್ಗೆ 6:50

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಕಾಫಿ ಬೆಳೆಗಾರ. ಇಷ್ಟು ದಿನ ಇಲ್ಲಿ ನೀವೆಲ್ಲ ಬರೆದದ್ದನ್ನು ಓದುತ್ತಿದ್ದೆ, ಇಂದು ಒಂದು ಪ್ರಶ್ನೆ ಕೇಳಲೇಬೇಕು ಅನ್ನಿಸಿತು.

2018ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ಗುಡ್ಡಗಳು ಜರಿದಾಗ ನಮ್ಮ ಮನೆ ಉಳಿಯಿತು, ಮನೆಯ ಹಿಂದಿನ ಬರೆ, ಎಂದರೆ ಕಡಿದಾದ ಮಣ್ಣಿನ ದಿಬ್ಬ, ಉಳಿಯಲಿಲ್ಲ. ಮರುವರ್ಷ ಸಾಲ ಮಾಡಿ ಅಲ್ಲಿ ಕಲ್ಲು, ಸಿಮೆಂಟಿನ ತಡೆಗೋಡೆ ಕಟ್ಟಿಸಿದೆ. ಅದರ ನಡುಭಾಗ ಈಗ ಹೊಟ್ಟೆ ಬಂದಂತೆ ಮುಂದಕ್ಕೆ ಬಾಗಿದೆ. ಜೋರು ಮಳೆ ಬಂದ ರಾತ್ರಿ ನಮಗೆ ನಿದ್ದೆಯಿಲ್ಲ.

ಮೊನ್ನೆ ಮಗಳು ಪೆರು ದೇಶದ ಮಾಚು ಪಿಚುವಿನ ಚಿತ್ರಗಳನ್ನು ತೋರಿಸುತ್ತಿದ್ದಳು. ಎರಡು ಶಿಖರಗಳ ನಡುವಿನ ಏಣಿನ ಮೇಲೆ ಒಂದು ಊರು, ಮೂರು ಕಡೆ ಕೆಳಗೆ ಉರುಬಂಬಾ ನದಿ. ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ ಬೀಳುವ ಜಾಗವಂತೆ. ಮೇಲಾಗಿ ಭೂಕಂಪದ ನಾಡು. ಅದನ್ನು ಕಟ್ಟಿದ ಇಂಕಾ ಜನ ಬಿಟ್ಟುಹೋದ ಮೇಲೆ ಮುನ್ನೂರು, ನಾನೂರು ವರ್ಷ ದುರಸ್ತಿ ಮಾಡುವವರೂ ಇರಲಿಲ್ಲ. ಆದರೂ ಇಳಿಜಾರಿನ ಗೋಡೆಗಳು ನೇರವಾಗಿ ನಿಂತಿವೆ. ಎಲ್ಲರೂ ಅಲ್ಲಿನ ಕಲ್ಲು ಎಷ್ಟು ಚೆನ್ನಾಗಿ ಕೂಡಿದೆ ಎಂದು ಬರೆಯುತ್ತಾರೆ. ನನಗೆ ತಿಳಿಯಬೇಕಾದದ್ದು ಬೇರೆ. ಆ ಮಳೆನೀರೆಲ್ಲ ಎಲ್ಲಿಗೆ ಹೋಗುತ್ತದೆ?

ನೀರಾವರಿ ನಿವೃತ್ತ | ಸೋಮವಾರ, ಬೆಳಿಗ್ಗೆ 9:15

ಸರ್, ನೀವು ಕೇಳಿದ ಪ್ರಶ್ನೆಯೇ ಅಲ್ಲಿನ ಮುಖ್ಯ ಪ್ರಶ್ನೆ. ಕಾಲುವೆ, ಕೆರೆ ಏರಿ ಎಂದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವನು ನಾನು. ಮಾಚು ಪಿಚುವಿನ ನಕ್ಷೆಗಳನ್ನು ಮೊದಲ ಸಲ ನೋಡಿದ ದಿನ ನನಗೆ ಹಿರಿಯ ಸಹೋದ್ಯೋಗಿಯೊಬ್ಬರ ಕಡತ ಕೈಗೆ ಸಿಕ್ಕಂತಾಗಿತ್ತು.

ಅಮೆರಿಕದ ಸಿವಿಲ್ ಎಂಜಿನಿಯರ್ ಕೆನೆತ್ ರೈಟ್ ಮತ್ತು ಪೆರುವಿನ ಪುರಾತತ್ವಜ್ಞ ಆಲ್ಫ್ರೆಡೊ ವಾಲೆನ್ಸಿಯಾ ಸೆಗಾರ 1990ರ ದಶಕದಲ್ಲಿ ಅಲ್ಲಿ ನೀರಿನ ವ್ಯವಸ್ಥೆಯನ್ನು ಅಳತೆ ಮಾಡಿ ಅಧ್ಯಯನ ಮಾಡಿದರು. ಅಲ್ಲಿ ನಡೆದ ಒಟ್ಟು ಕಟ್ಟಡ ಕೆಲಸದಲ್ಲಿ ಶೇಕಡಾ 60ರಷ್ಟು ನೆಲದ ಅಡಿಯಲ್ಲಿದೆ ಎಂದು ಅವರ ಅಂದಾಜು. ಚಿತ್ರದಲ್ಲಿ ನಾವು ನೋಡುವುದು ಉಳಿದ 40 ಪಾಲನ್ನು ಮಾತ್ರ. ಅಡಿಪಾಯ, ನೆಲ ಮಟ್ಟ ಮಾಡಲು ತುಂಬಿದ ಕಲ್ಲು, ನೀರು ಬಸಿಯುವ ಪದರಗಳು ಎಲ್ಲವೂ ಕೆಳಗಿವೆ.

ಅಲ್ಲಿನ ಒಂದು ಮೆಟ್ಟಿಲು ಗದ್ದೆಯನ್ನು ಅಡ್ಡಕ್ಕೆ ಸೀಳಿದರೆ ಏನು ಕಾಣುತ್ತದೆ ಎಂದು ಹೇಳುತ್ತೇನೆ. ಎದುರಿಗೆ ಒಳಕ್ಕೆ ವಾಲಿಸಿ ಕಟ್ಟಿದ ಕಲ್ಲಿನ ಗೋಡೆ. ಅದರ ಹಿಂದೆ ತಳದಲ್ಲಿ ದಪ್ಪ ಕಲ್ಲುಗಳು. ಅವುಗಳ ಮೇಲೆ ಜಲ್ಲಿ. ಜಲ್ಲಿಯ ಮೇಲೆ ಮರಳು ಬೆರೆತ ಮಣ್ಣು. ಎಲ್ಲಕ್ಕಿಂತ ಮೇಲೆ ಬೆಳೆಗೆ ಬೇಕಾದ ಫಲವತ್ತಾದ ಮಣ್ಣು. ಬಿದ್ದ ಮಳೆ ಮೇಲ್ಮಣ್ಣಿನಲ್ಲಿ ಇಂಗಿ ಮರಳಿಗೆ, ಮರಳಿನಿಂದ ಜಲ್ಲಿಗೆ, ಜಲ್ಲಿಯಿಂದ ದಪ್ಪ ಕಲ್ಲಿನ ಸಂದಿಗೆ ಇಳಿಯುತ್ತದೆ. ಗೋಡೆಯ ಬೆನ್ನಿಗೆ ನೀರಿನ ಒತ್ತಡ ಬೀಳುವ ಅವಕಾಶವೇ ಇಲ್ಲ. ಮಣ್ಣು ಕೊಚ್ಚಿಹೋಗುವುದೂ ಇಲ್ಲ, ಏಕೆಂದರೆ ಪ್ರತಿ ಪದರವೂ ತನ್ನ ಮೇಲಿನ ಪದರದ ಕಣಗಳನ್ನು ತಡೆದು ನೀರನ್ನು ಮಾತ್ರ ಬಿಡುತ್ತದೆ. ಇದನ್ನೇ ನಾವು ಅಣೆಕಟ್ಟುಗಳಲ್ಲಿ ಶೋಧಕ ಪದರ ಎಂದು ಕರೆಯುತ್ತೇವೆ.

ಗದ್ದೆಗಳ ಭಾಗಕ್ಕೂ ಮನೆಗಳ ಭಾಗಕ್ಕೂ ನಡುವೆ ಬೆಟ್ಟದ ತುದಿಯಿಂದ ಕೆಳಗಿನವರೆಗೆ ಒಂದು ದೊಡ್ಡ ಚರಂಡಿ ಇದೆ. ಮನೆ, ಅಂಗಳ, ಓಣಿಗಳ ಗೋಡೆಗಳಲ್ಲಿ ನೀರು ಹೊರಬರಲು ಬಿಟ್ಟ ತೂಬುಗಳು ಸುಮಾರು 130. ಇವೆಲ್ಲ ಗೋಡೆ ಎದ್ದ ಮೇಲೆ ಕೊರೆದವಲ್ಲ, ಕಟ್ಟುವಾಗಲೇ ಲೆಕ್ಕ ಹಾಕಿ ಬಿಟ್ಟವು. ನಡುವಿನ ದೊಡ್ಡ ಹಸಿರು ಬಯಲು ಇದೆಯಲ್ಲ, ಅದನ್ನು ಅಗೆದು ನೋಡಿದಾಗ ಮಣ್ಣಿನ ಕೆಳಗೆ ಬಿಳಿಯ ಗ್ರಾನೈಟ್ ಚಕ್ಕೆಗಳ ದಪ್ಪ ಪದರ ಸಿಕ್ಕಿತು. ಕಲ್ಲು ಕೆತ್ತಿದಾಗ ಉದುರಿದ ಚೂರು ಅದು. ಚಕ್ಕೆಗಳನ್ನು ಕಣಿವೆಗೆ ಎಸೆಯದೆ ಬಯಲಿನ ಕೆಳಗೆ ಹಾಸಿ, ಅದನ್ನೇ ನೀರು ಹೀರುವ ತಳವಾಗಿ ಮಾಡಿದ್ದಾರೆ.

ಸರ್, ನಿಮ್ಮ ತಡೆಗೋಡೆಯ ಹಿಂದೆ ಏನು ತುಂಬಿಸಿದ್ದಾರೆ? ಗೋಡೆಯಲ್ಲಿ ನೀರು ಬರುವ ತೂತುಗಳಿವೆಯೇ?

ಬರೆಯಂಚಿನ ಮನೆ | ಸೋಮವಾರ, ಬೆಳಿಗ್ಗೆ 10:05

ತೂತುಗಳು ನಾಲ್ಕಿವೆ. ಅವುಗಳಲ್ಲಿ ನೀರು ಬಂದದ್ದನ್ನು ನಾನು ನೋಡಿಲ್ಲ. ಹಿಂದೆ ಏನು ತುಂಬಿಸಿದ್ದಾರೋ, ನೋಡಿ ಹೇಳುತ್ತೇನೆ.

ಕುತೂಹಲಿ | ಸೋಮವಾರ, ಮಧ್ಯಾಹ್ನ 1:20

ನೀರಿನ ವಿಚಾರ ಒಪ್ಪುತ್ತೇನೆ. ಆದರೆ ಒಂದು ಮಾತು. ಆ ಜನರಿಗೆ ಕಬ್ಬಿಣ ಗೊತ್ತಿರಲಿಲ್ಲ, ಚಕ್ರದ ಗಾಡಿ ಇರಲಿಲ್ಲ, ಎತ್ತು ಕುದುರೆ ಇರಲಿಲ್ಲ, ಬರವಣಿಗೆ ಇರಲಿಲ್ಲ. ಹಗ್ಗಕ್ಕೆ ಗಂಟು ಹಾಕಿ ಲೆಕ್ಕ ಇಡುತ್ತಿದ್ದರು. ಅಂಥವರು ಬ್ಲೇಡ್ ಕೂಡ ತೂರದಂತೆ ಗ್ರಾನೈಟ್ ಕೂಡಿಸಿದರು ಎಂದರೆ ನಂಬುವುದು ಹೇಗೆ? ಕಲ್ಲನ್ನು ಮೆತ್ತಗೆ ಮಾಡುವ ಯಾವುದೋ ಸಸ್ಯದ ರಸ ಅವರಿಗೆ ತಿಳಿದಿತ್ತು ಎಂದು ಒಂದು ವಿಡಿಯೊದಲ್ಲಿ ನೋಡಿದೆ.

ಉಳಿ ಸುತ್ತಿಗೆ, ಕಾರ್ಕಳ | ಸೋಮವಾರ, ಸಂಜೆ 7:40

ನಾನು ಕಲ್ಲಿನ ಕೆಲಸದವನು. ಅಪ್ಪ, ಅಜ್ಜನ ಕಾಲದಿಂದಲೂ ನಮ್ಮದು ಇದೇ ಕಸುಬು. ಕುತೂಹಲಿಯವರೇ, ಯಾವ ರಸವೂ ಬೇಕಾಗಿಲ್ಲ. ಕಲ್ಲನ್ನು ಕಲ್ಲಿನಿಂದಲೇ ಕುಟ್ಟಬಹುದು.

ಜಾನ್ ಪಿಯೆರ್ ಪ್ರೋಟ್ಜೆನ್ ಎಂಬ ವಾಸ್ತುಶಿಲ್ಪದ ಪ್ರಾಧ್ಯಾಪಕರು 1980ರ ದಶಕದಲ್ಲಿ ಇಂಕಾ ಕಲ್ಲುಗಣಿಗಳಿಗೆ ಹೋಗಿ ಇದನ್ನು ಸ್ವತಃ ಮಾಡಿ ನೋಡಿದರು. ಗಣಿಗಳಲ್ಲಿ ನದಿಯಿಂದ ತಂದ ಗಟ್ಟಿ ಗುಂಡುಕಲ್ಲುಗಳು ಬಿದ್ದಿದ್ದವು. ಅಂಥದೇ ಸುಮಾರು 4 ಕಿಲೋ ತೂಕದ ಗುಂಡುಕಲ್ಲನ್ನು ಹಿಡಿದು ಅವರು ಒಂದು ಅಡಿಗಿಂತ ಚಿಕ್ಕದಾದ ಆಂಡೆಸೈಟ್ ಎಂಬ ಗಟ್ಟಿ ಕಲ್ಲಿನ ತುಂಡಿನ ಮೂರು ಮುಖಗಳನ್ನು ಒಂದೂವರೆ ಗಂಟೆಯೊಳಗೆ ಹದ ಮಾಡಿದರು. ಗುಂಡುಕಲ್ಲನ್ನು ಕೈಯಲ್ಲಿ ಬಿಗಿಯಾಗಿ ಹಿಡಿಯಬೇಕಾಗಿಲ್ಲ, ಅದರ ತೂಕಕ್ಕೆ ಅದೇ ಬಿದ್ದು ಪುಟಿಯುತ್ತದೆ. ಅಂಚಿಗೆ ಬಂದಾಗ ಚಿಕ್ಕ ಗುಂಡುಕಲ್ಲಿನಿಂದ ಓರೆಯಾಗಿ ಹೊಡೆಯಬೇಕು, ಇಲ್ಲದಿದ್ದರೆ ಅಂಚು ಸಿಡಿಯುತ್ತದೆ. ಅದರಿಂದಲೇ ಇಂಕಾ ಕಲ್ಲುಗಳ ಅಂಚುಗಳು ಒಳಕ್ಕೆ ಇಳಿದು, ಮುಖ ಸ್ವಲ್ಪ ಉಬ್ಬಿದಂತೆ ಕಾಣುತ್ತದೆ. ಅಂಚಿನ ಹತ್ತಿರದ ಗುರುತುಗಳು ನಡುವಿನ ಗುರುತುಗಳಿಗಿಂತ ಸಣ್ಣಗಿರುತ್ತವೆ. ಆ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದರೆ ಕೆಲಸಗಾರನ ಕೈ ಎಲ್ಲಿ ಬದಲಾಯಿತು ಎಂಬುದು ನನಗೆ ತಿಳಿಯುತ್ತದೆ.

ಎರಡು ಕಲ್ಲು ಕೂಡಿಸುವುದು ತಾಳ್ಮೆಯ ಕೆಲಸ. ಕೆಳಗಿನ ಕಲ್ಲಿನಲ್ಲಿ ಮೇಲಿನ ಕಲ್ಲಿಗೆ ತಕ್ಕ ತಗ್ಗು ಮಾಡಬೇಕು. ಇಟ್ಟು ನೋಡಬೇಕು, ಎತ್ತಬೇಕು, ಎಲ್ಲಿ ತಾಗಿತೋ ಅಲ್ಲಿ ಕುಟ್ಟಬೇಕು, ಮತ್ತೆ ಇಡಬೇಕು. ಇದನ್ನು ಮಾಡಿದವರು ನೂರಾರು ಜನ, ವರ್ಷಗಟ್ಟಲೆ. ಯಾವುದೋ ರಸ ಮಾಡಿತು ಎಂದರೆ ಅವರ ಬೆವರಿಗೆ ಅನ್ಯಾಯ ಮಾಡಿದಂತೆ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ, ಆದರೆ ನನಗೆ ನೋವಾಗುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಮಾಚು ಪಿಚುವಿನ ಎಲ್ಲ ಗೋಡೆಗಳೂ ಗಾರೆಯಿಲ್ಲದ ಗೋಡೆಗಳಲ್ಲ. ಸೂರ್ಯ ದೇಗುಲ, ರಾಜನ ಮನೆ, ಮೂರು ಕಿಟಕಿಗಳ ಗುಡಿಯಂಥ ಕೆಲವಕ್ಕೆ ಮಾತ್ರ ಆ ನುಣುಪಾದ ಕೂಡಿಕೆ. ಉಳಿದ ಬಹುಪಾಲು ಮನೆಗಳು ಒರಟು ಕಲ್ಲನ್ನು ಜೇಡಿಮಣ್ಣಿನಲ್ಲಿ ಕೂರಿಸಿ ಕಟ್ಟಿದವು. ಎಲ್ಲಿ ಎಷ್ಟು ಕೆಲಸ ಹಾಕಬೇಕು ಎಂಬ ಲೆಕ್ಕ ಅವರಿಗಿತ್ತು. ಕಲ್ಲಿಗಾಗಿ ದೂರ ಹೋದವರೂ ಅಲ್ಲ, ಊರಿನ ಒಳಗೇ ಗಣಿಯಿದೆ. ಆ ಗಣಿಯಲ್ಲಿ ಸಾಲಾಗಿ ಕುಳಿ ತೋಡಿದ ಒಂದು ಬಂಡೆಯನ್ನು ತೋರಿಸಿ ಇಂಕಾಗಳು ಕಲ್ಲು ಸೀಳುತ್ತಿದ್ದದ್ದು ಹೀಗೆ ಎನ್ನುವವರಿದ್ದಾರೆ. ಅದು 20ನೇ ಶತಮಾನದಲ್ಲಿ ಪ್ರಯೋಗಕ್ಕೆಂದು ಮಾಡಿದ್ದು. ಹಂಪಿಯ ಬಂಡೆಗಳಲ್ಲಿ ಸಾಲು ಕುಳಿಗಳನ್ನು ನೋಡಿ ಬೆಳೆದ ನಮಗೆ ಅದು ಸಹಜವಾಗಿ ಕಾಣುತ್ತದೆ. ಆದರೆ ಹಂಪಿಯವರ ಕೈಯಲ್ಲಿ ಉಕ್ಕಿನ ಉಳಿ ಇತ್ತು, ಇವರ ಕೈಯಲ್ಲಿ ಇರಲಿಲ್ಲ.

ಕುತೂಹಲಿ | ಸೋಮವಾರ, ರಾತ್ರಿ 8:30

ನಿಮ್ಮ ಮಾತನ್ನು ಒಪ್ಪಿದೆ. ಆ ವಿಡಿಯೊವನ್ನು ಮನೆಯ ಗುಂಪಿನಲ್ಲಿ ಹಂಚಿದ್ದೆ, ನಿಮ್ಮ ಉತ್ತರವನ್ನೂ ಅಲ್ಲಿ ಹಾಕುತ್ತೇನೆ. ಹಾಗಾದರೆ ಅಷ್ಟು ಕಷ್ಟದ ಜಾಗದಲ್ಲಿ ಕೋಟೆ ಕಟ್ಟಿದ್ದು ಯಾವ ಶತ್ರುವಿಗೆ ಹೆದರಿ?

ಇತಿಹಾಸದ ಮೇಡಂ | ಮಂಗಳವಾರ, ಬೆಳಿಗ್ಗೆ 7:10

ಇಲ್ಲಿ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ತರಗತಿಯಲ್ಲಿ ಪ್ರತಿ ವರ್ಷ ಮಕ್ಕಳು ಕೇಳುವ ಪ್ರಶ್ನೆಯಿದು.

ಗಿರಿದುರ್ಗ ಎಂದ ಕೂಡಲೇ ನಮಗೆ ಚಿತ್ರದುರ್ಗದ ಏಳು ಸುತ್ತು ನೆನಪಾಗುತ್ತದೆ. ಮಾಚು ಪಿಚು ಹಾಗಲ್ಲ. ಅಲ್ಲಿ ಹೊರಗೋಡೆ, ಒಣ ಕಂದಕ, ಒಳಗಿನಿಂದ ಕಟ್ಟಿ ಭದ್ರಪಡಿಸುವ ಹೆಬ್ಬಾಗಿಲು ಇವೆ, ನಿಜ. ಆದರೆ ಅದು ರಾಜನೊಬ್ಬನ ಸ್ವಂತ ಉಂಬಳಿಯಂಥ ಎಸ್ಟೇಟು. 1568ರ ಒಂದು ಸ್ಪ್ಯಾನಿಷ್ ದಾಖಲೆಯಲ್ಲಿ ಪಿಚು ಎಂಬ ಕಡೆಯ ಜಮೀನು ಇಂಕಾ ರಾಜ ಪಚಕುತಿಗೆ ಸೇರಿದ್ದಾಗಿತ್ತು ಎಂದಿದೆ. ಪುರಾತತ್ವಜ್ಞ ಜಾನ್ ರೋ ಇದನ್ನು ಬೆಳಕಿಗೆ ತಂದ ಮೇಲೆ, ಊರು ಕಟ್ಟಿಸಿದವನು ಪಚಕುತಿ ಎಂಬುದನ್ನು ಬಹುತೇಕ ಎಲ್ಲರೂ ಒಪ್ಪಿದರು. ಇಂಕಾ ರಾಜಧಾನಿ ಕುಸ್ಕೋದ ಸುತ್ತಲಿನ ಚಿಕ್ಕ ರಾಜ್ಯವನ್ನು ಸಾಮ್ರಾಜ್ಯವಾಗಿ ಬೆಳೆಸಿದವನು ಅವನು. ಪಿಸಾಕ್, ಒಲ್ಯಾಂತಾಯ್‌ತಾಂಬೊ ಕೂಡ ಅವನ ಎಸ್ಟೇಟುಗಳೇ.

ಹೀಗೇಕೆ ಕಟ್ಟಿಸುತ್ತಿದ್ದರು ಎಂಬುದು ಸ್ವಾರಸ್ಯದ ವಿಷಯ. ಇಂಕಾ ರಾಜ ಸತ್ತರೆ ಪಟ್ಟ ಮಗನಿಗೆ ಹೋಗುತ್ತಿತ್ತು, ಆಸ್ತಿ ಹೋಗುತ್ತಿರಲಿಲ್ಲ. ಸತ್ತ ರಾಜನ ದೇಹವನ್ನು ಒಣಗಿಸಿ ಕಾಪಾಡಿ, ಅವನ ಜಮೀನು, ಆಳುಕಾಳು ಎಲ್ಲವನ್ನೂ ಪನಾಕ ಎಂಬ ಅವನ ವಂಶದ ಗುಂಪು ಅವನ ಹೆಸರಿನಲ್ಲೇ ನೋಡಿಕೊಳ್ಳುತ್ತಿತ್ತು. ಹೊಸ ರಾಜ ಹೊಸ ನೆಲ ಗೆಲ್ಲಬೇಕು, ಹೊಸ ಊರು ಕಟ್ಟಬೇಕು. ಆಸ್ತಿಯ ಕಟ್ಟಳೆಯೇ ರಾಜ್ಯವನ್ನು ಹಿಗ್ಗಿಸುತ್ತಿತ್ತು ಎಂದು ಹೇಳಬಹುದು.

ಕಾಲದ ಬಗ್ಗೆಯೂ ಒಂದು ತಿದ್ದುಪಡಿ. ಪಠ್ಯಗಳಲ್ಲಿ 1450 ಎಂದಿರುತ್ತದೆ. ಪಚಕುತಿ 1438ರಲ್ಲಿ ಪಟ್ಟಕ್ಕೆ ಬಂದ ಎಂಬ ಹಳೆಯ ಬಖೈರಿನ ಲೆಕ್ಕದಿಂದ ಬಂದದ್ದು ಅದು. 2021ರಲ್ಲಿ ಪುರಾತತ್ವಜ್ಞ ರಿಚರ್ಡ್ ಬರ್ಗರ್ ಮತ್ತು ಸಂಗಡಿಗರು ಅಲ್ಲಿನ ಸಮಾಧಿಗಳ ಮೂಳೆ, ಹಲ್ಲುಗಳ ಕಾಲವನ್ನು ವಿಕಿರಣ ಇಂಗಾಲದ ವಿಧಾನದಿಂದ ಅಳೆದರು. ಸುಮಾರು 1420ರಿಂದ 1530ರವರೆಗೆ ಅಲ್ಲಿ ಜನ ಇದ್ದರು ಎಂದು ಕಂಡಿತು. ಮೂವತ್ತು ವರ್ಷದ ವ್ಯತ್ಯಾಸ ಏನು ಮಹಾ ಎನ್ನಬೇಡಿ, ಪಚಕುತಿಯ ಆಳ್ವಿಕೆಯ ಲೆಕ್ಕವನ್ನೇ ಅದು ಹಿಂದಕ್ಕೆ ತಳ್ಳುತ್ತದೆ. ನಮ್ಮಲ್ಲಿ ವಿಜಯನಗರವನ್ನು ಎರಡನೇ ದೇವರಾಯ ಆಳುತ್ತಿದ್ದ ದಿನಗಳಲ್ಲಿ ಅಲ್ಲಿ ಆ ಗದ್ದೆಗಳಿಗೆ ಕಲ್ಲು ತುಂಬುತ್ತಿದ್ದರು.

ಊರು ಬರಿದಾದದ್ದು ಅಲ್ಲೇ ನಡೆದ ಯುದ್ಧದಿಂದಲ್ಲ. ಸಿಡುಬು ಬಂತು, ಅಣ್ಣತಮ್ಮಂದಿರ ಅಂತರ್ಯುದ್ಧ ಬಂತು, 1532ರ ನವೆಂಬರ್‌ನಲ್ಲಿ ಸ್ಪ್ಯಾನಿಷರು ಕಾಹಮಾರ್ಕ ಎಂಬ ಊರಿನಲ್ಲಿ ಇಂಕಾ ರಾಜ ಅತಾವಾಲ್ಪನನ್ನು ಹಿಡಿದರು. ಎಸ್ಟೇಟನ್ನು ಸಾಕುವ ಅರಮನೆಯೇ ಇಲ್ಲದಾದಾಗ ಜನ ಒಬ್ಬೊಬ್ಬರಾಗಿ ಹೊರಟುಹೋದರು. ಸ್ಪ್ಯಾನಿಷರು ಆ ಗುಡಿಗಳನ್ನು ಒಡೆಯಲಿಲ್ಲ, ಅದರಿಂದಲೇ ನಮಗೆ ಅವು ಉಳಿದಿವೆ.

ದೂರದೂರಿನವಳು | ಮಂಗಳವಾರ, ಬೆಳಿಗ್ಗೆ 11:30

ಮೇಡಂ, ನಿಮ್ಮ ಬರಹ ಓದಿ ಅಲ್ಲಿಗೆ ಮತ್ತೊಮ್ಮೆ ಹೋಗಿಬಂದಂತಾಯಿತು. ನಾನು ಮೈಸೂರಿನವಳು, ಈಗ ಟೆಕ್ಸಾಸ್‌ನಲ್ಲಿದ್ದೇನೆ. 2023ರಲ್ಲಿ ಯಜಮಾನರ ಜೊತೆ ಹೋಗಿದ್ದೆ.

ಬಹಳ ಜನ ಮಾಚು ಪಿಚುವನ್ನು ತೀರಾ ಎತ್ತರದ ಜಾಗ ಎಂದುಕೊಂಡಿರುತ್ತಾರೆ. ಅದು 2,430 ಮೀಟರ್. ವಿಮಾನ ಇಳಿಯುವ ಕುಸ್ಕೋ ಸುಮಾರು 3,400 ಮೀಟರ್. ಕುಸ್ಕೋದಲ್ಲಿ ಎರಡು ದಿನ ನನಗೆ ತಲೆ ಎತ್ತಲು ಆಗಲಿಲ್ಲ, ಕೋಕಾ ಎಲೆಯ ಚಹಾ ಕುಡಿದುಕೊಂಡು ಮಲಗಿದ್ದೆ. ಅಲ್ಲಿಂದ ಕಣಿವೆಗೆ ಇಳಿದಂತೆಲ್ಲ ಗಾಳಿ ಬೆಚ್ಚಗಾಗಿ, ಗಿಡಮರ ದಟ್ಟವಾಗಿ, ಬಂಡೆಯ ಮೇಲೆ ಆರ್ಕಿಡ್ ಹೂ ಕಾಣಲು ಶುರುವಾಯಿತು. ಕುಸ್ಕೋದ ಚಳಿಗಾಲ ತಪ್ಪಿಸಿಕೊಳ್ಳಲು ರಾಜ ಇಲ್ಲಿಗೇ ಏಕೆ ಬರುತ್ತಿದ್ದ ಎಂದು ಯಾರೂ ವಿವರಿಸಬೇಕಾಗಲಿಲ್ಲ.

ಒಳಗೆ ಹೋದ ಮೇಲೆ ಮೊದಲು ಕಣ್ಣಿಗಿಂತ ಕಿವಿಗೆ ಬಿದ್ದದ್ದು ನೀರಿನ ಸದ್ದು. ಮೆಟ್ಟಿಲ ಪಕ್ಕದಲ್ಲೇ ಒಂದರ ಕೆಳಗೊಂದು ಕಲ್ಲಿನ ದೋಣಿಗಳು. ಮೇಲಿನದರಿಂದ ಕೆಳಗಿನದಕ್ಕೆ ತೆಳ್ಳನೆಯ ಧಾರೆ ಬೀಳುತ್ತದೆ. ಕೊಡ ಹಿಡಿದರೆ ತುಂಬುವ ಹಾಗೆ, ಹನಿ ಸಿಡಿಯದ ಹಾಗೆ ತುಟಿ ಕೆತ್ತಿದ್ದಾರೆ. ಐದು ಶತಮಾನದ ನಂತರವೂ ಅದೇ ದಾರಿಯಲ್ಲಿ ನೀರು ಹರಿಯುವುದನ್ನು ನೋಡಿ ನನ್ನ ಕಣ್ಣು ತುಂಬಿತು. ಹಿಂದಿನವರು ಮುಂದೆ ಹೋಗಿ ಎನ್ನುತ್ತಿದ್ದರು, ನನಗೆ ಕದಲಲು ಮನಸ್ಸಿರಲಿಲ್ಲ.

ಹೋಗುವವರಿಗೆ ಒಂದು ಎಚ್ಚರಿಕೆ. ಟಿಕೆಟಿನ ಮೇಲೆ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಒಳಹೋಗುವ ಗಂಟೆ, ನಡೆಯುವ ದಾರಿ ಎಲ್ಲವೂ ನಮೂದಾಗಿರುತ್ತದೆ. ನಮ್ಮ ಏಜೆಂಟರು ಬೇರೆ ದಾರಿಯ ಟಿಕೆಟ್ ಕೊಟ್ಟಿದ್ದರಿಂದ ಇಂತಿವತಾನ ಎಂಬ ಕೆತ್ತಿದ ಪವಿತ್ರ ಬಂಡೆಯ ಕಡೆಗೆ ಹೋಗಲಾಗಲಿಲ್ಲ. ಅಷ್ಟು ದೂರ ಹೋಗಿ ಅದನ್ನು ನೋಡದೆ ಬಂದ ಕೊರಗು ಇನ್ನೂ ಇದೆ.

ನೀರಾವರಿ ನಿವೃತ್ತ | ಮಂಗಳವಾರ, ಮಧ್ಯಾಹ್ನ 3:00

ತಂಗಿ, ನೀವು ಆಲಿಸಿದ ಆ ಧಾರೆಗಳ ಸಂಖ್ಯೆ 16. ಅವುಗಳ ಹಿಂದಿನ ಲೆಕ್ಕ ಕೇಳಿ.

ಮಾಚು ಪಿಚು ಬೆಟ್ಟದ ಉತ್ತರದ ಇಳಿಜಾರಿನಲ್ಲಿ ಒಂದು ಒರತೆ ಇದೆ. ಅದರ ನೀರನ್ನು ಹಿಡಿಯಲು ಬೆಟ್ಟದ ಬುಡಕ್ಕೆ ಕಲ್ಲಿನ ಗೋಡೆ ಕಟ್ಟಿ, ನೀರು ಅದರೊಳಗೆ ಬಸಿದು ಬರುವಂತೆ ಮಾಡಿದ್ದಾರೆ. ಅಲ್ಲಿಂದ ಊರಿಗೆ 749 ಮೀಟರ್ ಉದ್ದದ ಕಾಲುವೆ. ಅಗಲ ಒಂದು ಗೇಣೂ ಇಲ್ಲ. ಇಳಿಜಾರು 100 ಮೀಟರಿಗೆ ಸುಮಾರು 3 ಮೀಟರ್. ಇಳಿಜಾರು ಹೆಚ್ಚಾದರೆ ನೀರು ಉಕ್ಕಿ ಬೆಟ್ಟವನ್ನು ನೆನೆಸುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ರೈಟ್ ಅವರ ಲೆಕ್ಕದಲ್ಲಿ ಕಾಲುವೆಯ ಸಾಮರ್ಥ್ಯ ನಿಮಿಷಕ್ಕೆ 300 ಲೀಟರ್, ಒರತೆಯಲ್ಲಿ ಬರುವುದು ಋತುವಿಗೆ ತಕ್ಕಂತೆ 23ರಿಂದ 125 ಲೀಟರ್. ಎಂದರೆ ದುಪ್ಪಟ್ಟಿಗಿಂತ ಹೆಚ್ಚು ಅವಕಾಶ ಬಿಟ್ಟಿದ್ದಾರೆ.

ಮನೆ, ಗುಡಿ ಯಾವುದನ್ನು ಎಲ್ಲಿ ಕಟ್ಟಬೇಕು ಎಂಬುದನ್ನು ಈ ಕಾಲುವೆಯೇ ನಿರ್ಧರಿಸಿದೆ. ಕಾಲುವೆ ಊರು ಮುಟ್ಟುವ ಮಟ್ಟ ಮೊದಲು, ಮನೆಗಳು ಆಮೇಲೆ. ಮೊದಲ ಧಾರೆ ರಾಜನ ಮನೆಯ ಪಕ್ಕದಲ್ಲಿದೆ. ಯಾರೂ ಮುಟ್ಟದ ನೀರು ಮೊದಲು ಅವನಿಗೆ. ಇನ್ನೊಂದು ಮಾತು: ಈ ಕಾಲುವೆ ಗದ್ದೆಗಳ ನಡುವೆಯೇ ಹಾದುಹೋದರೂ ಗದ್ದೆಗೆ ಒಂದು ಹನಿಯನ್ನೂ ಕೊಡುವುದಿಲ್ಲ. ಗದ್ದೆಗೆ ಮಳೆಯೇ ಸಾಕು. ಕುಡಿಯುವ ನೀರು, ಬೇಸಾಯದ ನೀರು, ಹೊರಗೆ ಹೋಗಬೇಕಾದ ನೀರು, ಮೂರನ್ನೂ ಬೇರೆ ಬೇರೆಯಾಗಿ ಇಟ್ಟಿದ್ದಾರೆ.

ಹಾಸನದ ಆಲೂಗಡ್ಡೆ | ಮಂಗಳವಾರ, ಸಂಜೆ 6:15

ಆ ಗದ್ದೆಗಳಲ್ಲಿ ಆಲೂಗಡ್ಡೆ ಹಾಕುತ್ತಿದ್ದರೇ? ನಮ್ಮ ಬೆಳೆಯ ತವರು ಅದೇ ಆಂಡಿಸ್ ಬೆಟ್ಟಗಳು ಎಂದು ಕೇಳಿದ್ದೇನೆ. ನಮ್ಮಲ್ಲಿ ನೀರು ನಿಂತರೆ ಮೂರೇ ದಿನದಲ್ಲಿ ಗೆಡ್ಡೆ ಕೊಳೆಯುತ್ತದೆ, ಆದ್ದರಿಂದ ಆ ಜಲ್ಲಿಯ ಪದರದ ಬೆಲೆ ನನಗೆ ಅರ್ಥವಾಗುತ್ತದೆ.

ಇತಿಹಾಸದ ಮೇಡಂ | ಮಂಗಳವಾರ, ರಾತ್ರಿ 9:00

ಹೌದು, ಮಣ್ಣಿನಲ್ಲಿ ಸಿಕ್ಕ ಪರಾಗವನ್ನು ಪರೀಕ್ಷಿಸಿದಾಗ ಮೆಕ್ಕೆಜೋಳ, ಆಲೂಗಡ್ಡೆ ಎರಡೂ ಕಂಡಿವೆ. ಆದರೆ ಅಲ್ಲಿದ್ದ ಗದ್ದೆಗಳ ಒಟ್ಟು ವಿಸ್ತಾರ 5 ಹೆಕ್ಟೇರಿನಷ್ಟು ಮಾತ್ರ. ಅಲ್ಲಿನ ನೂರಾರು ಜನರಿಗೆ ಅದು ಸಾಲದು, ಧಾನ್ಯ ಹೊರಗಿನಿಂದ ಬರುತ್ತಿತ್ತು.

ಆ ನೂರಾರು ಜನ ಯಾರು ಎಂಬುದಕ್ಕೆ ಈಗ ಉತ್ತರ ಸಿಕ್ಕಿದೆ. ಅಮೆರಿಕದ ಅನ್ವೇಷಕ ಹೈರಮ್ ಬಿಂಗಮ್ ಅವರ ತಂಡ 1912ರಲ್ಲಿ ಸಮಾಧಿಗಳನ್ನು ಅಗೆದಾಗ, ಮೂಳೆಗಳನ್ನು ಪರೀಕ್ಷಿಸಿದ ಜಾರ್ಜ್ ಈಟನ್ ಹೆಚ್ಚಿನವು ಹೆಂಗಸರವು ಎಂದರು. ಅಲ್ಲಿಂದ ಸೂರ್ಯನ ಕನ್ಯೆಯರ ಪವಿತ್ರ ನಗರ ಎಂಬ ಕಥೆ ಹುಟ್ಟಿತು, ಇಂದಿಗೂ ಪ್ರವಾಸದ ಕರಪತ್ರಗಳಲ್ಲಿ ಓದುತ್ತೇವೆ. ಮುಂದೆ ಜಾನ್ ವೆರಾನೊ ಮತ್ತೆ ಪರೀಕ್ಷಿಸಿದಾಗ ಗಂಡಸರು, ಹೆಂಗಸರು ಹೆಚ್ಚುಕಡಿಮೆ ಸಮ ಎಂದು ತಿಳಿಯಿತು. ಮಕ್ಕಳೂ ಇದ್ದರು. 2023ರಲ್ಲಿ 34 ಜನರ ವಂಶವಾಹಿಗಳನ್ನು ಓದಿದ ಅಧ್ಯಯನ ಬಂತು. ಕರಾವಳಿಯವರು, ಎತ್ತರದ ಬೆಟ್ಟದವರು, ಅಮೆಜಾನ್ ಕಾಡಿನ ಕಡೆಯವರು, ಹೀಗೆ ಸಾಮ್ರಾಜ್ಯದ ಮೂಲೆಮೂಲೆಯಿಂದ ಬಂದವರು ಅವರು. ಯಾನಕೋನ ಎಂದು ಕರೆಯುತ್ತಿದ್ದ, ಹುಟ್ಟೂರು ಬಿಡಿಸಿ ಅರಮನೆಯ ಸೇವೆಗೆ ತಂದವರು. ರಾಜ ವರ್ಷದಲ್ಲಿ ಕೆಲವು ತಿಂಗಳು ಬಂದುಹೋಗುತ್ತಿದ್ದ. ಇವರು ಮಳೆಗಾಲದಲ್ಲೂ ಅಲ್ಲಿಯೇ ಇದ್ದು ಚರಂಡಿ ಸ್ವಚ್ಛ ಮಾಡಿದವರು, ಸೂರಿಗೆ ಹುಲ್ಲು ಹೊದಿಸಿದವರು, ಅಲ್ಲಿಯೇ ಮಣ್ಣಾದವರು. ಮಾಚು ಪಿಚು ಎಂದಾಗ ನನಗೆ ಪಚಕುತಿಗಿಂತ ಮೊದಲು ಇವರು ನೆನಪಾಗುತ್ತಾರೆ.

ಕುತೂಹಲಿ | ಮಂಗಳವಾರ, ರಾತ್ರಿ 9:40

ಬಿಂಗಮ್ ಎಂದರೆ ಕಳೆದುಹೋದ ನಗರವನ್ನು ಪತ್ತೆ ಹಚ್ಚಿದವರು ತಾನೇ?

ಇತಿಹಾಸದ ಮೇಡಂ | ಬುಧವಾರ, ಬೆಳಿಗ್ಗೆ 7:00

ಕಳೆದುಹೋಗಿದ್ದರೆ ತಾನೇ ಪತ್ತೆ ಹಚ್ಚುವುದು! 1911ರ ಜುಲೈ 24ರಂದು ಬಿಂಗಮ್ ಅವರಿಗೆ ದಾರಿ ತೋರಿಸಿದವರು ಮೆಲ್ಚೋರ್ ಆರ್ತಿಯಾಗ ಎಂಬ ಅಲ್ಲಿನ ರೈತ, ಒಂದು ಸೋಲ್ (ಪೆರುವಿನ ನಾಣ್ಯ) ಕೂಲಿಗೆ. ಮೇಲೆ ಹತ್ತಿದರೆ ರಿಚಾರ್ತೆ, ಆಲ್ವಾರೆಸ್ ಎಂಬ ಮನೆತನಗಳು ಅದೇ ಇಂಕಾ ಗದ್ದೆಗಳಲ್ಲಿ ಬೇಸಾಯ ಮಾಡಿಕೊಂಡಿದ್ದವು. ಅವಶೇಷಗಳ ನಡುವೆ ಬಿಂಗಮ್ ಅವರನ್ನು ಕರೆದುಕೊಂಡು ಹೋದವನು ಆ ಮನೆಯ ಒಬ್ಬ ಹುಡುಗ. ಮೂರು ಕಿಟಕಿಗಳ ಗುಡಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಲಿಸಾರಾಗ, 1902 ಎಂದು ಬರೆದಿತ್ತು. ಅಗುಸ್ತಿನ್ ಲಿಸಾರಾಗ ಎಂಬ ರೈತರು ಒಂಬತ್ತು ವರ್ಷ ಮೊದಲೇ ಬಂದು ಹೋಗಿದ್ದರು. ಬಿಂಗಮ್ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಆ ಹೆಸರನ್ನು ಗುರುತು ಹಾಕಿಕೊಂಡಿದ್ದರು.

ಹಾಗೆಂದು ಬಿಂಗಮ್ ಏನೂ ಮಾಡಲಿಲ್ಲ ಎನ್ನಲಾರೆ. ನಕ್ಷೆ ಮಾಡಿಸಿದರು, ಚಿತ್ರ ತೆಗೆದರು, ಜಗತ್ತಿಗೆ ತಿಳಿಸಿದರು. ಆದರೆ ಅಲ್ಲಿ ಸಿಕ್ಕ ಸಾವಿರಾರು ವಸ್ತುಗಳು ಯೇಲ್ ವಿಶ್ವವಿದ್ಯಾಲಯಕ್ಕೆ ಹೋಗಿ ಸುಮಾರು ನೂರು ವರ್ಷ ಅಲ್ಲಿಯೇ ಉಳಿದವು. ಪೆರು ಬಿಡದೆ ಕೇಳಿತು, 2010ರಲ್ಲಿ ಒಪ್ಪಂದವಾಯಿತು, 2011 ಮತ್ತು 2012ರಲ್ಲಿ ಅವು ತಾಯ್ನಾಡಿಗೆ ಮರಳಿದವು. ಈಗ ಕುಸ್ಕೋದ ಕಾಸಾ ಕೋಂಚಾ ಸಂಗ್ರಹಾಲಯದಲ್ಲಿವೆ. ಹೋಗುವವರು ಬೆಟ್ಟ ಹತ್ತುವ ಮೊದಲು ಅದನ್ನು ನೋಡಿ.

ಹೆಸರೂ ಬಿಂಗಮ್ ಕೇಳಿ ಬರೆದುಕೊಂಡದ್ದೇ. ಊರಿನ ಎರಡು ಬದಿಯ ಶಿಖರಗಳು ಮಾಚು ಪಿಚು ಮತ್ತು ವೈನಾ ಪಿಚು; ಇಂಕಾಗಳ ಭಾಷೆಯಲ್ಲಿ ಮಾಚು ಎಂದರೆ ಹಿರಿಯ, ವೈನಾ ಎಂದರೆ ಕಿರಿಯ. ಬ್ರಯನ್ ಬವರ್ ಮತ್ತು ದೊನಾತೊ ಅಮಾದೊ ಹಳೆಯ ನಕ್ಷೆ, ದಾಖಲೆಗಳನ್ನು ನೋಡಿ, ಇಂಕಾ ಜನ ಈ ಊರನ್ನು ವೈನಾ ಪಿಚು ಅಥವಾ ಬರಿಯ ಪಿಚು ಎನ್ನುತ್ತಿದ್ದಿರಬೇಕು ಎಂದು ವಾದಿಸಿದ್ದಾರೆ.

ಭೂವಿಜ್ಞಾನದ ವಿದ್ಯಾರ್ಥಿ | ಬುಧವಾರ, ಬೆಳಿಗ್ಗೆ 10:45

ಹಿರಿಯರ ನಡುವೆ ಒಂದು ಮಾತು ಸೇರಿಸುತ್ತೇನೆ. ಬ್ರೆಜಿಲ್‌ನ ಭೂವಿಜ್ಞಾನಿ ರುವಾಲ್ದೊ ಮೆನೆಗತ್ 2019ರಲ್ಲಿ ಒಂದು ವಿಚಾರ ಮಂಡಿಸಿದರು. ಮಾಚು ಪಿಚು ಇರುವುದು ಹಲವು ಸ್ತರಭಂಗಗಳು (ನೆಲದೊಳಗೆ ಬಂಡೆ ಸೀಳಿ ಸರಿದ ಗೆರೆಗಳು) ಒಂದನ್ನೊಂದು ಕತ್ತರಿಸುವ ಜಾಗದಲ್ಲಿ. ಅಲ್ಲಿ ಬಂಡೆ ಮೊದಲೇ ಬಿರುಕು ಬಿಟ್ಟಿರುವುದರಿಂದ ಕಲ್ಲು ಎಬ್ಬಿಸುವುದು ಸುಲಭ. ಮಳೆನೀರು ಆ ಬಿರುಕುಗಳಲ್ಲಿ ಇಳಿದುಹೋಗುತ್ತದೆ, ಒರತೆಗೂ ಅದೇ ಮೂಲ. ಇಂಕಾ ಜನ ತಿಳಿದೇ ಆ ಜಾಗ ಆರಿಸಿದರು ಎಂಬುದು ಅವರ ವಾದ. ತಿಳಿದು ಆರಿಸಿದರು ಎಂಬ ಭಾಗ ನನಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಬಿರುಕುಗಳು ಇರುವುದಂತೂ ನಿಜ.

ಎಲ್ಲವೂ ಗೆದ್ದಿತು ಎಂದೂ ಭಾವಿಸಬಾರದು. ಪ್ರಧಾನ ದೇಗುಲ ಎಂದು ಕರೆಯುವ ಕಟ್ಟಡದ ಹಿಂದಿನ ಗೋಡೆ ಒಂದು ಮೂಲೆಯಲ್ಲಿ ಕುಸಿದು, ಕಲ್ಲುಗಳ ನಡುವೆ ಸಂದು ಬಿಟ್ಟಿದೆ. ಅಷ್ಟು ಭಾರದ ಕಲ್ಲುಗಳಿಗೆ ಆ ಒಂದು ಕಡೆ ಅಡಿಪಾಯ ಸಾಲಲಿಲ್ಲ. ಆ ಬಿರುಕಿನ ಚಿತ್ರವನ್ನು ನಾನು ಮೇಜಿನ ಎದುರು ಅಂಟಿಸಿಕೊಂಡಿದ್ದೇನೆ. ಉಳಿದ ಗೋಡೆಗಳು ಏಕೆ ನಿಂತವು ಎಂಬುದನ್ನು ಅದು ಬೇರೆಲ್ಲಕ್ಕಿಂತ ಚೆನ್ನಾಗಿ ಹೇಳುತ್ತದೆ.

ಕೊಡಗಿನ ಅಣ್ಣನವರಿಗೆ ಒಂದು ವಿನಂತಿ. ಅಲ್ಲಿ ಕೆಳಗಿರುವುದು ಗ್ರಾನೈಟ್ ಬಂಡೆ. ನಿಮ್ಮಲ್ಲಿ ಶಿಲೆ ಶಿಥಿಲವಾಗಿ ಆಳದವರೆಗೂ ಮಣ್ಣಾಗಿರುತ್ತದೆ. ಪದರ ಹಾಕುವ ಕ್ರಮ ಕಲಿಯಬಹುದು, ಆದರೆ ಬರೆಯ ಮೇಲೆ ಎಲ್ಲಾದರೂ ನೆಲ ಬಿರಿದಿದೆಯೇ ಎಂದು ಮೊದಲು ನೋಡಿ. ಬಿರಿದಿದ್ದರೆ ಗೋಡೆಯನ್ನು ಮುಟ್ಟುವ ಮುಂಚೆ ತಿಳಿದವರನ್ನು ಕರೆಸಿ.

ಉಳಿ ಸುತ್ತಿಗೆ, ಕಾರ್ಕಳ | ಬುಧವಾರ, ರಾತ್ರಿ 8:20

ಭೂಕಂಪದ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಅಲ್ಲಿನ ಬಾಗಿಲು, ಕಿಟಕಿ, ಗೂಡುಗಳೆಲ್ಲ ಕೆಳಗೆ ಅಗಲ, ಮೇಲೆ ಕಿರಿದು. ಗೋಡೆಗಳು ಒಳಕ್ಕೆ ವಾಲಿವೆ. ಒಳ್ಳೆಯ ಕಟ್ಟಡಗಳ ಮೂಲೆಯ ಕೆಲವು ಕಲ್ಲುಗಳು ಮೊಳಕೈಯಂತೆ ಎರಡೂ ಗೋಡೆಗೆ ಚಾಚಿಕೊಂಡಿರುತ್ತವೆ, ಆದ್ದರಿಂದ ಮೂಲೆ ಬಿಚ್ಚಿಕೊಳ್ಳುವುದಿಲ್ಲ. ಗಾರೆಯಿಲ್ಲದ ಕಲ್ಲು ನೆಲ ಅಲುಗಿದಾಗ ತಾನೂ ಅಲುಗಿ ಮತ್ತೆ ಕೂರುತ್ತದೆ. ಕುಸ್ಕೋದಲ್ಲಿ 1950ರ ಭೂಕಂಪಕ್ಕೆ ಸ್ಪ್ಯಾನಿಷರು ಕಟ್ಟಿದ ಸಾಂತೊ ದೊಮಿಂಗೊ ಇಗರ್ಜಿ ಬಿರಿದಾಗ, ಅದರ ಅಡಿಯಲ್ಲಿದ್ದ ಇಂಕಾ ಸೂರ್ಯಾಲಯದ ಗೋಡೆಗಳು ಹಾಗೆಯೇ ನಿಂತು ಹೊರಗೆ ಕಂಡವು.

ಬರೆಯಂಚಿನ ಮನೆ | ಭಾನುವಾರ, ಸಂಜೆ 5:30

ಎಲ್ಲರ ಬರಹಗಳನ್ನೂ ಮನೆಯವರಿಗೆ ಓದಿ ಹೇಳಿದೆ. ವಿದ್ಯಾರ್ಥಿ ತಮ್ಮನ ಮಾತಿನಂತೆ ಮೊದಲು ಬರೆಯ ಮೇಲೆ ಹತ್ತಿ ಸುತ್ತಲೂ ನೋಡಿದೆ. ನೆಲ ಎಲ್ಲೂ ಬಿರಿದಿಲ್ಲ. ಆದರೂ ಪರಿಚಯದ ಎಂಜಿನಿಯರ್ ಒಬ್ಬರನ್ನು ಕರೆಸಿ, ಅವರ ಎದುರಿಗೇ ನಿನ್ನೆ ಗೋಡೆಯ ಒಂದು ತುದಿಯಲ್ಲಿ ಹಿಂಬದಿ ಅಗೆಸಿದೆ.

ಜಲ್ಲಿ ಇಲ್ಲ. ಮರಳು ಇಲ್ಲ. ಬರೆ ಕಡಿದ ಅದೇ ಕೆಂಪು ಮಣ್ಣನ್ನು ಮೇಲಿನವರೆಗೂ ಒತ್ತಿ ತುಂಬಿಸಿದ್ದಾರೆ. ನಾಲ್ಕು ತೂತುಗಳ ಬಾಯಿಗೂ ಹಿಂದಿನಿಂದ ಆ ಮಣ್ಣೇ ಮೆತ್ತಿಕೊಂಡಿತ್ತು. ಕೈಯಲ್ಲಿ ಹಿಡಿದರೆ ನೀರು ತೊಟ್ಟಿಕ್ಕುವಷ್ಟು ಒದ್ದೆ, ಮಳೆ ನಿಂತು ಎಷ್ಟೋ ದಿನವಾಗಿದ್ದರೂ.

ಒಂದೇ ಸಲ ಎಲ್ಲ ತೆಗೆಯಬಾರದು, ಆರು ಅಡಿಗೊಂದು ತುಂಡಿನಂತೆ ಬಿಚ್ಚಿ ಕಟ್ಟುತ್ತ ಹೋಗಬೇಕು ಎಂದು ಎಂಜಿನಿಯರ್ ಹೇಳಿದ್ದಾರೆ. ಹೊಳೆಯ ದಪ್ಪ ಕಲ್ಲು ಎರಡು ಲೋಡು, ಜಲ್ಲಿ ಒಂದು ಲೋಡು ಹೇಳಿದ್ದೇನೆ. ಬರೆಯ ನೆತ್ತಿಯಲ್ಲಿ ಅಡ್ಡಕ್ಕೆ ಒಂದು ಬಸಿಗಾಲುವೆ ತೆಗೆದು, ನೀರನ್ನು ಪಕ್ಕದ ತೋಡಿಗೆ ತಿರುಗಿಸುತ್ತೇವೆ. ನೀರಾವರಿಯ ಹಿರಿಯರೇ, ಆ ಕಾಲುವೆಗೆ ಎಷ್ಟು ಇಳಿಜಾರು ಕೊಡಲಿ? ಉದ್ದ 40 ಮೀಟರ್ ಬರುತ್ತದೆ.

ನೀರಾವರಿ ನಿವೃತ್ತ | ಭಾನುವಾರ, ಸಂಜೆ 6:10

ತಳಕ್ಕೆ ಕಲ್ಲು ಹಾಸುವುದಾದರೆ 100ಕ್ಕೆ 2 ಸಾಕು, ನಿಮ್ಮ 40 ಮೀಟರಿಗೆ 80 ಸೆಂಟಿಮೀಟರ್ ಇಳಿಯಲಿ. ಬರಿಯ ಮಣ್ಣಿನ ಕಾಲುವೆಯಾದರೆ ಅಷ್ಟು ಕೊಡಬೇಡಿ, ತಳ ಕೊರೆಯುತ್ತದೆ. ತೋಡಿಗೆ ಸೇರುವ ಜಾಗದಲ್ಲಿ ದಪ್ಪ ಕಲ್ಲು ಜೋಡಿಸಿ. ಮಟ್ಟ ಹಿಡಿಯಲು ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಮೊದಲ ತುಂಡು ಮುಗಿದ ಮೇಲೆ ಅಡ್ಡಸೀಳಿನ ಚಿತ್ರ ತೆಗೆದು ಹಾಕಿ, ಮಣ್ಣು ಮುಚ್ಚುವ ಮುಂಚೆಯೇ.